ಎಷ್ಟು ಹೊತ್ತಿಗೊಂದು ಕಮಿಟ್?

ಬರೆದ ಕೋಡನ್ನು ಪ್ರೋಗ್ರಾಮರ್ ಎಷ್ಟು ಹೊತ್ತಿಗೊಮ್ಮೆ ಕಮಿಟ್ ಮಾಡಬೇಕು ಎಂಬ ಪ್ರಶ್ನೆಗೆ ಒಂದೊಂದು ತಂಡವೂ ಒಂದೊಂದು ಉತ್ತರ ಕೊಡುತ್ತದೆ. ಗಂಟೆಗೊಮ್ಮೆ ಎನ್ನುವವರಿದ್ದಾರೆ, ಟೆಸ್ಟ್ ಪಾಸಾದಾಗಲೆಲ್ಲ ಎನ್ನುವವರಿದ್ದಾರೆ. ಸಂಜೆ ಮನೆಗೆ ಹೊರಡುವ ಮುನ್ನ ಒಮ್ಮೆ ಮಾಡಿದರೆ ಸಾಕು ಎನ್ನುವವರೂ, ಕೆಲಸ ಪೂರ್ತಿ ಮುಗಿಯುವ ತನಕ ಮಾಡಲೇಬಾರದು ಎನ್ನುವವರೂ ಇದ್ದಾರೆ. ಈ ಉತ್ತರಗಳು ತಾಳೆಯಾಗದಿರಲು ಕಾರಣವಿದೆ. ಕಮಿಟ್ ಎಂಬ ಒಂದೇ ಕ್ರಿಯೆಗೆ ಮೂರು ಕೆಲಸಗಳು ಅಂಟಿಕೊಂಡಿವೆ: ಮಾಡಿದ್ದು ಕೈತಪ್ಪಿ ಹೋಗದಂತೆ ಉಳಿಸಿಕೊಳ್ಳುವುದು, ಏನನ್ನು ಏಕೆ ಬದಲಿಸಲಾಯಿತು ಎಂದು ಮುಂದೆ ಓದುವವರಿಗೆ ದಾಖಲಿಸುವುದು, ತಂಡದ ಉಳಿದವರ ಕೋಡಿನೊಂದಿಗೆ ತನ್ನದನ್ನು ಕೂಡಿಸುವುದು. ಒಂದೊಂದಕ್ಕೂ ತಕ್ಕ ಅಂತರ ಬೇರೆ ಬೇರೆ. ಯಾವ ಕೆಲಸದ ಬಗ್ಗೆ ಮಾತು ನಡೆದಿದೆ ಎಂದು ಗೊತ್ತುಮಾಡಿಕೊಳ್ಳದೆ ಗಂಟೆ, ದಿನಗಳ ಲೆಕ್ಕ ಹಾಕಿದರೆ ಚರ್ಚೆ ಮುಂದೆ ಸಾಗುವುದಿಲ್ಲ.

ಹಳೆಯ ಸಾಧನಗಳಲ್ಲಿ ಈ ಮೂರನ್ನು ಬಿಡಿಸಲು ದಾರಿಯೇ ಇರಲಿಲ್ಲ. ಆವೃತ್ತಿ ನಿಯಂತ್ರಣದ ಮೊದಲ ಮುಖ್ಯ ಸಾಧನವಾದ ಎಸ್‌ಸಿಸಿಎಸ್ ಅನ್ನು 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ರಚಿಸಿದರು. ಸುಮಾರು ಹತ್ತು ವರ್ಷಗಳ ನಂತರ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಕಿ ಆರ್‌ಸಿಎಸ್ ಬರೆದರು. ಎರಡರಲ್ಲೂ ಲೆಕ್ಕವಿಡುತ್ತಿದ್ದುದು ಒಂದೊಂದು ಫೈಲಿನದು, ಇಡೀ ಯೋಜನೆಯದಲ್ಲ. ಫೈಲನ್ನು ತಿದ್ದಬೇಕಾದವರು ಅದಕ್ಕೆ ಬೀಗ ಹಾಕಿ ಹೊರತೆಗೆಯಬೇಕಿತ್ತು. ಅವರು ಮರಳಿ ಸೇರಿಸುವ ತನಕ ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ಬೀಗ ಹೆಚ್ಚು ದಿನ ಇಟ್ಟುಕೊಂಡರೆ ಪಕ್ಕದವರ ಕೆಲಸ ನಿಲ್ಲುತ್ತಿತ್ತು, ಬೇಗ ಬಿಟ್ಟರೆ ಅರೆಬೆಂದ ಕೋಡು ಎಲ್ಲರಿಗೂ ಹೋಗುತ್ತಿತ್ತು. ಎಷ್ಟು ಹೊತ್ತಿಗೊಮ್ಮೆ ಎಂಬ ಪ್ರಶ್ನೆಗೆ ಆಗಿನ ಉತ್ತರವನ್ನು ಕೊಡುತ್ತಿದ್ದುದು ಪಕ್ಕದ ಮೇಜಿನವರ ತಾಳ್ಮೆ.

1986ರಲ್ಲಿ ಆಮ್‌ಸ್ಟರ್‌ಡಾಮಿನ ಡಿಕ್ ಗ್ರೂನೆ ಆರಂಭಿಸಿದ ಸಿವಿಎಸ್ ಆ ಬೀಗವನ್ನು ತೆಗೆಯಿತು. ಹಲವರು ಒಂದೇ ಫೈಲನ್ನು ಏಕಕಾಲಕ್ಕೆ ತಿದ್ದಿ ಆಮೇಲೆ ಕೂಡಿಸಬಹುದಾಯಿತು. ಆದರೆ ಅದರ ತಳದಲ್ಲಿದ್ದುದು ಆರ್‌ಸಿಎಸ್‌ನ ಬಿಡಿಬಿಡಿ ಫೈಲುಗಳೇ. ಇಪ್ಪತ್ತು ಫೈಲುಗಳ ಬದಲಾವಣೆಯನ್ನು ಕಳಿಸುವಾಗ ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಹನ್ನೆರಡು ಒಳಗೆ ಹೋಗಿ ಎಂಟು ಹೊರಗೆ ಉಳಿಯುವುದು ಸಾಧ್ಯವಿತ್ತು. 2004ರಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಷನ್ ಈ ಕೊರತೆಯನ್ನು ನೀಗಿಸಿತು: ಒಂದು ಕಮಿಟ್ ಹೋದರೆ ಇಡಿಯಾಗಿ ಹೋಗುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ. ಅಂದಿನಿಂದ ಕಮಿಟ್ ಎಂದರೆ ಇಡೀ ಯೋಜನೆಯ ಒಂದು ಹೆಜ್ಜೆ ಎಂಬ ಅರ್ಥ ಗಟ್ಟಿಯಾಯಿತು. ಹಾಗಿದ್ದರೂ ಪ್ರತಿ ಕಮಿಟ್ ನೇರವಾಗಿ ಕೇಂದ್ರ ಸರ್ವರಿಗೆ ಹೋಗುತ್ತಿತ್ತು. ಉಳಿಸಿಕೊಳ್ಳುವುದೂ ಪ್ರಕಟಿಸುವುದೂ ಒಂದೇ ಕ್ರಿಯೆಯಾಗಿದ್ದುದರಿಂದ, ತಮ್ಮಿಂದ ಬಿಲ್ಡ್ ಮುರಿದೀತೆಂದು ಅಳುಕುವವರು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಮಿಟ್ ಮಾಡದೆ ಕೂರುತ್ತಿದ್ದರು. ಕೆಲಸವೆಲ್ಲ ಮುಗಿದ ಮೇಲೆ ಒಂದೇ ದೊಡ್ಡ ಕಮಿಟ್ ಎಂಬ ಅಭ್ಯಾಸ ಬೇರುಬಿಟ್ಟದ್ದು ಹೀಗೆ. ಸಾಧನ ಬದಲಾದ ಮೇಲೂ ಆ ಅಭ್ಯಾಸ ಅನೇಕ ಕಡೆ ಹಾಗೆಯೇ ಉಳಿದಿದೆ.

2005ರ ಏಪ್ರಿಲ್‌ನಲ್ಲಿ ಪರಿಸ್ಥಿತಿ ಬದಲಾಯಿತು. ಲಿನಕ್ಸ್ ಕರ್ನೆಲ್ ತಂಡ 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ಕೈತಪ್ಪಿದಾಗ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ತೊಡಗಿದರು. ಅದೇ ತಿಂಗಳು ಮ್ಯಾಟ್ ಮ್ಯಾಕಾಲ್ ಮರ್ಕ್ಯುರಿಯಲ್ ಆರಂಭಿಸಿದರು. ಈ ಎರಡರಲ್ಲೂ ಪ್ರತಿ ಪ್ರೋಗ್ರಾಮರ್‌ನ ಯಂತ್ರದಲ್ಲೇ ಇಡೀ ರೆಪೊಸಿಟರಿ ಇರುತ್ತದೆ. ಕಮಿಟ್ ಮಾಡಲು ಸರ್ವರ್ ಬೇಡ, ನೆಟ್‌ವರ್ಕ್ ಬೇಡ, ಯಾರ ಅನುಮತಿಯೂ ಬೇಡ. ಸಾಮಾನ್ಯ ಯೋಜನೆಯಲ್ಲಿ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕಮಿಟ್ ಮಾಡಿದ್ದು ಇತರರಿಗೆ ಕಾಣುವುದು ಪುಶ್ ಮಾಡಿದಾಗ. ಮುಖ್ಯ ಬ್ರಾಂಚಿಗೆ ಸೇರುವುದು ಮರ್ಜ್ ಮಾಡಿದಾಗ. ಒಂದೇ ಕ್ರಿಯೆಯೊಳಗೆ ಕಟ್ಟುಬಿದ್ದಿದ್ದ ಮೂರು ಕೆಲಸಗಳು ಹೀಗೆ ಮೂರು ಹಂತಗಳಾದವು. ಪುಶ್ ಮಾಡುವ ಮೊದಲು ಕಮಿಟ್‌ಗಳನ್ನು ಒಡೆಯಬಹುದು, ಕೂಡಿಸಬಹುದು, ಹಿಂದುಮುಂದು ಮಾಡಬಹುದು, ಸಂದೇಶ ತಿದ್ದಬಹುದು. ಬರೆದ ದಿನಾಂಕ ಮತ್ತು ಕಮಿಟ್ ಆದ ದಿನಾಂಕ ಎಂದು ಗಿಟ್ ಪ್ರತಿ ಕಮಿಟ್‌ನಲ್ಲಿ ಎರಡನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದರಿಂದ, ಹೀಗೆ ತಿದ್ದಿದ ಮೇಲೂ ಮೊದಲು ಬರೆದ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ.

ಮೊದಲ ಕೆಲಸವಾದ ಉಳಿಸಿಕೊಳ್ಳುವಿಕೆಯ ಮಟ್ಟಿಗೆ ಉತ್ತರ ಸುಲಭ: ಎಷ್ಟು ಸಲ ಮಾಡಿದರೂ ಹೆಚ್ಚಲ್ಲ. ಟೆಸ್ಟ್ ಪಾಸಾದೊಡನೆ, ಇನ್ನೊಂದು ದಾರಿ ಹಿಡಿದು ನೋಡುವ ಮುನ್ನ, ಊಟಕ್ಕೆ ಏಳುವ ಮುನ್ನ ತನ್ನದೇ ಬ್ರಾಂಚಿನಲ್ಲಿ ಕಮಿಟ್ ಮಾಡಿಟ್ಟರೆ ಕೆಡಿಸಿಕೊಂಡಾಗ ಹಿಂದಿರುಗಲು ಜಾಗವಿರುತ್ತದೆ. ಗಿಟ್‌ನಲ್ಲಿ ಒಮ್ಮೆ ಕಮಿಟ್ ಆದದ್ದು ಸುಲಭಕ್ಕೆ ಕಳೆದುಹೋಗುವುದಿಲ್ಲ. ಬ್ರಾಂಚನ್ನೇ ತಪ್ಪಿ ಅಳಿಸಿದರೂ ರೆಫ್‌ಲಾಗ್ ಎಂಬ ದಾಖಲೆಯ ನೆರವಿನಿಂದ ಮರಳಿ ಪಡೆಯಬಹುದು. ಯಾವ ಬ್ರಾಂಚಿಗೂ ಸೇರದ ಕಮಿಟ್‌ಗಳನ್ನೂ ಅದು ಮೂಲ ಸಂಯೋಜನೆಯಲ್ಲಿ 30 ದಿನ ನೆನಪಿಟ್ಟುಕೊಳ್ಳುತ್ತದೆ. ಕಮಿಟ್ ಆಗದೆ ಎಡಿಟರಿನಲ್ಲೇ ಉಳಿದ ಕೋಡಿಗೆ ಈ ರಕ್ಷಣೆ ಇಲ್ಲ. ಸ್ವಂತ ಯಂತ್ರದಲ್ಲಿರುವ ಕಮಿಟ್ ಬ್ಯಾಕಪ್ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಲ್ಯಾಪ್‌ಟಾಪ್ ಕೆಟ್ಟರೆ ಅದೂ ಹೋಗುತ್ತದೆ. ಸಂಜೆ ಮನೆಗೆ ಹೋಗುವ ಮುನ್ನ ಎಂಬ ನಿಯಮಕ್ಕೆ ನಿಜವಾದ ಅರ್ಥ ಇರುವುದು ಇಲ್ಲಿ, ಅದೂ ಕಮಿಟ್‌ಗಿಂತ ಪುಶ್‌ಗೆ. ತಂಡ ಎರಡು ದೇಶಗಳಲ್ಲಿ ಹಂಚಿಹೋಗಿದ್ದರೆ ಇದು ಇನ್ನೂ ಮುಖ್ಯ. ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರ ಭಾರತಕ್ಕಿಂತ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೆಂಗಳೂರಿನವರು ಕೆಲಸ ಮುಗಿಸಿ ಎದ್ದ ಮೇಲೆ ಅಲ್ಲಿನವರು ಕೆಲಸಕ್ಕೆ ಕೂರುತ್ತಾರೆ. ಒಂದೇ ಕೆಲಸವನ್ನು ಎರಡೂ ಕಡೆಯವರು ಹಂಚಿಕೊಂಡಾಗ ಅರ್ಧವಾದದ್ದನ್ನೂ ಬೇರೆ ಬ್ರಾಂಚಿನಲ್ಲಿ ಪುಶ್ ಮಾಡಿ, ಎಲ್ಲಿಗೆ ನಿಂತಿದೆ ಎಂದು ಎರಡು ಸಾಲು ಬರೆದು ಹೊರಡುವುದರಿಂದ ಒಂದಿಡೀ ದಿನ ಉಳಿಯುತ್ತದೆ.

ಎರಡನೆಯ ಕೆಲಸ, ಅಂದರೆ ದಾಖಲೆ, ಈ ವಿಷಯದ ತಿರುಳು. ಇಲ್ಲಿ ಗಡಿಯಾರ ಉಪಯೋಗಕ್ಕೆ ಬರುವುದಿಲ್ಲ, ಅಳತೆಗೋಲು ಬದಲಾವಣೆಯೇ. ಲಿನಕ್ಸ್ ಕರ್ನೆಲ್‌ನ ನಿಯಮಾವಳಿ ಒಂದು ತಾರ್ಕಿಕ ಬದಲಾವಣೆಗೆ ಒಂದು ಪ್ಯಾಚ್ ಎಂದು ಕೇಳುತ್ತದೆ. ಪ್ಯಾಚ್‌ಗಳ ಸರಣಿಯಿದ್ದರೆ ನಡುವಿನ ಯಾವ ಹಂತದಲ್ಲಿ ನಿಂತು ನೋಡಿದರೂ ಕರ್ನೆಲ್ ಬಿಲ್ಡ್ ಆಗಬೇಕು, ಓಡಬೇಕು ಎಂಬುದು ಅದರ ಜೊತೆಗಿನ ಷರತ್ತು. ಮೊದಲ ನಿಯಮ ಕಮಿಟ್ ಎಷ್ಟು ದೊಡ್ಡದಾಗಬಹುದು ಎಂದು ಹೇಳಿದರೆ, ಎರಡನೆಯದು ಎಷ್ಟು ಚಿಕ್ಕದಾಗಬಹುದು ಎಂದು ಹೇಳುತ್ತದೆ. ಅರ್ಧ ಬರೆದ ಫಂಕ್ಷನ್ ಚಿಕ್ಕದು, ಆದರೆ ಪೂರ್ಣವಲ್ಲ. ಸಾವಿರ ಸಾಲಿನ ಕಮಿಟ್ ಪೂರ್ಣವಿರಬಹುದು, ಆದರೆ ಒಂದಲ್ಲ.

ಅಂಗಡಿಗಳಿಗೆ ಬಿಲ್ ಮಾಡಿಕೊಡುವ ಒಂದು ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜಿಎಸ್‌ಟಿ ಸೇರಿಸಿದ ಮೊತ್ತ ಕೆಲವು ಬಿಲ್ಲುಗಳಲ್ಲಿ ಕೆಲವು ಪೈಸೆ ಹೆಚ್ಚುಕಡಿಮೆ ಬರುತ್ತಿದೆ ಎಂಬ ದೂರು ಬಂದಿದೆ. ಪ್ರೋಗ್ರಾಮರ್ ಹುಡುಕಿದಾಗ ಕಾರಣ ಸಿಗುತ್ತದೆ: ತೆರಿಗೆಯನ್ನು ಪ್ರತಿ ವಸ್ತುವಿಗೂ ಪೂರ್ಣಾಂಕಕ್ಕೆ ತಂದು ಆಮೇಲೆ ಕೂಡಿಸಲಾಗುತ್ತಿದೆ, ಕೂಡಿಸಿದ ಮೇಲೆ ಒಮ್ಮೆ ಪೂರ್ಣಾಂಕಕ್ಕೆ ತರಬೇಕಿತ್ತು. ತಿದ್ದಲು ಬೇಕಾದದ್ದು ಎರಡು ಸಾಲು. ಆದರೆ ಆ ಫಂಕ್ಷನ್ನಿನ ಹೆಸರು ದಾರಿ ತಪ್ಪಿಸುವಂತಿದೆ ಎಂದು ಹನ್ನೊಂದು ಫೈಲುಗಳಲ್ಲಿ ಹೆಸರು ಬದಲಾಯಿತು. ಸೇವ್ ಮಾಡುವಾಗ ಎಡಿಟರ್ ತಾನಾಗಿ ಒಂದು ಹಳೆಯ ಫೈಲಿನ ಮುನ್ನೂರು ಸಾಲುಗಳ ಅಂತರ, ಜೋಡಣೆ ಸರಿಪಡಿಸಿತು. ಇದೆಲ್ಲವೂ ‘ಬಿಲ್ ದೋಷ ಸರಿಪಡಿಸಿದೆ’ ಎಂಬ ಒಂದೇ ಕಮಿಟ್ ಆದರೆ ರಿವ್ಯೂ ಮಾಡುವವರು ನಾನೂರು ಸಾಲುಗಳ ನಡುವೆ ಆ ಎರಡು ಸಾಲು ಹುಡುಕಬೇಕು. ಆರು ತಿಂಗಳ ನಂತರ ಯಾವುದೋ ಒಂದು ಬಗೆಯ ಬಿಲ್ಲಿಗೆ ಈ ತಿದ್ದುಪಡಿ ಹೊಂದುವುದಿಲ್ಲ ಎಂದು ಗೊತ್ತಾಗಿ ಕಮಿಟನ್ನು ಹಿಂದೆಗೆದುಕೊಂಡರೆ, ಹೊಸ ಹೆಸರೂ ಹೋಗುತ್ತದೆ, ಅದನ್ನು ನಂಬಿ ನಡುವೆ ಬರೆದ ಕೋಡೆಲ್ಲ ಮುರಿಯುತ್ತದೆ.

ಇದನ್ನೇ ಮೂರು ಕಮಿಟ್ ಮಾಡಿದರೆ ಚಿತ್ರ ಬೇರೆ. ಮೊದಲನೆಯದು ಬರೀ ಜೋಡಣೆ, ಎರಡನೆಯದು ಬರೀ ಹೆಸರು. ಇವೆರಡರಿಂದ ಪ್ರೋಗ್ರಾಮಿನ ನಡವಳಿಕೆ ಬದಲಾಗದು ಎಂದು ಸಂದೇಶದಲ್ಲೇ ಹೇಳಬಹುದು, ರಿವ್ಯೂ ಮಾಡುವವರೂ ಆ ದೃಷ್ಟಿಯಿಂದ ಬೇಗ ನೋಡಿ ಮುಗಿಸಬಹುದು. ಮೂರನೆಯದರಲ್ಲಿ ಎರಡು ಸಾಲಿನ ತಿದ್ದುಪಡಿ, ಅದರ ಟೆಸ್ಟ್, ಪೂರ್ಣಾಂಕ ಏಕೆ ಕೊನೆಯಲ್ಲಿ ಬರಬೇಕು ಎಂಬ ವಿವರಣೆ. ಎಲ್ಲವನ್ನೂ ಒಟ್ಟಿಗೆ ತಿದ್ದಿಬಿಟ್ಟ ಮೇಲೂ ಹೀಗೆ ಬೇರ್ಪಡಿಸಲು ಸಾಧ್ಯವಿದೆ. ಗಿಟ್‌ನಲ್ಲಿ ಕಮಿಟ್‌ಗೆ ಮುನ್ನ ಸಿದ್ಧಪಡಿಸುವ ಒಂದು ನಡುಮನೆಯಿದೆ. ಪ್ಯಾಚ್ ಆಯ್ಕೆಯೊಂದಿಗೆ ಗಿಟ್ ಆಡ್ ಆದೇಶ ಕೊಟ್ಟರೆ ಅದು ಬದಲಾವಣೆಗಳನ್ನು ತುಂಡುತುಂಡಾಗಿ ತೋರಿಸಿ, ಈ ತುಂಡು ಈಗಿನ ಕಮಿಟ್‌ಗೆ ಬೇಕೋ ಬೇಡವೋ ಎಂದು ಒಂದೊಂದಕ್ಕೂ ಕೇಳುತ್ತದೆ. ಹೀಗೆ ಒಂದೊಂದನ್ನೂ ಕಣ್ಣಾರೆ ನೋಡುವಾಗ, ಪರೀಕ್ಷೆಗೆಂದು ಬರೆದು ಅಳಿಸಲು ಮರೆತ ಪ್ರಿಂಟ್ ಸಾಲುಗಳೂ ಸಿಕ್ಕಿಬೀಳುತ್ತವೆ. ಈ ಒಂದು ಲಾಭಕ್ಕಾಗಿಯೇ ಈ ಅಭ್ಯಾಸ ಬೆಳೆಸಿಕೊಳ್ಳಬಹುದು.

ಕಲಬೆರಕೆ ಕಮಿಟ್‌ಗಳು ಎಷ್ಟು ಸಾಮಾನ್ಯ ಎಂದು ಸಂಶೋಧಕರು ಅಳೆದಿದ್ದಾರೆ. ಜರ್ಮನಿಯ ಕಿಮ್ ಹೆರ್ಜಿಗ್ ಮತ್ತು ಆಂಡ್ರಿಯಾಸ್ ಸೆಲ್ಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ಜಾವಾ ಮುಕ್ತ ತಂತ್ರಾಂಶ ಯೋಜನೆಗಳ ದೋಷ ಪರಿಹಾರದ ಕಮಿಟ್‌ಗಳಲ್ಲಿ ಶೇ. 15ರಷ್ಟರ ತನಕ ಒಂದಕ್ಕಿಂತ ಹೆಚ್ಚು ಬದಲಾವಣೆಗಳು ಹೆಣೆದುಕೊಂಡಿದ್ದುದು ಕಂಡುಬಂತು. ಯಾವ ಫೈಲಿನಲ್ಲಿ ದೋಷ ಹೆಚ್ಚು ಎಂದು ಕಮಿಟ್ ಇತಿಹಾಸ ನೋಡಿ ಲೆಕ್ಕಹಾಕುವವರಿಗೆ ಇದರಿಂದ ದಾರಿ ತಪ್ಪುತ್ತದೆ. ದೋಷಕ್ಕೆ ಸಂಬಂಧವೇ ಇಲ್ಲದ ಫೈಲುಗಳೂ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ.

ಚಿಕ್ಕ ಮತ್ತು ಪೂರ್ಣ ಕಮಿಟ್‌ಗಳ ಬೆಲೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ದೋಷ ಹುಡುಕುವಾಗ. ಗಿಟ್ ಬೈಸೆಕ್ಟ್ ಎಂಬ ಆದೇಶಕ್ಕೆ ಸರಿಯಾಗಿ ಓಡುತ್ತಿದ್ದ ಒಂದು ಹಳೆಯ ಕಮಿಟ್, ಕೆಟ್ಟಿರುವ ಒಂದು ಹೊಸ ಕಮಿಟ್ ತೋರಿಸಿದರೆ ಸಾಕು. ಅದು ನಡುವಿನದನ್ನು ತೆರೆದುಕೊಡುತ್ತದೆ. ಆ ನಡುವಿನ ಕಮಿಟ್ ಸರಿಯಿದ್ದರೆ ದೋಷ ಹೊಸ ಅರ್ಧದಲ್ಲಿ, ಕೆಟ್ಟಿದ್ದರೆ ಹಳೆಯ ಅರ್ಧದಲ್ಲಿ. 1,024 ಕಮಿಟ್‌ಗಳಿದ್ದರೆ ಹತ್ತು ಸಲ ಪರೀಕ್ಷಿಸುವಷ್ಟರಲ್ಲಿ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಲಿನಕ್ಸ್ ಕರ್ನೆಲ್‌ನ ಒಂದು ಬಿಡುಗಡೆಯಿಂದ ಮುಂದಿನದಕ್ಕೆ, ಅಂದರೆ ಒಂಬತ್ತು ಹತ್ತು ವಾರಗಳಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್‌ಗಳು ಸೇರುತ್ತವೆ. ಅಷ್ಟರಲ್ಲಿಯೂ ಹದಿನಾಲ್ಕು ಪರೀಕ್ಷೆ ಸಾಕು. ಪರೀಕ್ಷೆಯನ್ನು ಒಂದು ಸ್ಕ್ರಿಪ್ಟ್ ಆಗಿ ಕೊಟ್ಟರೆ ಮನುಷ್ಯರು ಕೂತು ನೋಡಬೇಕಾಗಿಯೂ ಇಲ್ಲ.

ಆದರೆ ಈ ಹುಡುಕಾಟ ಕೊನೆಗೆ ಕೈಗೆ ಕೊಡುವುದು ಒಂದು ಕಮಿಟನ್ನು, ಸಾಲನ್ನಲ್ಲ. ಆ ಕಮಿಟ್ ಹತ್ತು ಸಾಲಿನದಾದರೆ ದೋಷ ಕಣ್ಣಿಗೆ ಬಿದ್ದಂತೆಯೇ. ಮೂರು ಸಾವಿರ ಸಾಲಿನದಾದರೆ ನಿಜವಾದ ಹುಡುಕಾಟ ಆಗಷ್ಟೇ ಶುರು. ಇತಿಹಾಸದಲ್ಲಿ ಬಿಲ್ಡ್ ಆಗದ ಕಮಿಟ್‌ಗಳು ಅಲ್ಲಲ್ಲಿ ಬಿದ್ದಿದ್ದರೆ ತೊಂದರೆ ಇನ್ನೊಂದು ಬಗೆಯದು: ನಡುವಿನದನ್ನು ತೆರೆದಾಗ ಅದು ಓಡುವುದೇ ಇಲ್ಲ, ಸರಿಯೋ ತಪ್ಪೋ ಹೇಳಲಾಗದು, ಬಿಟ್ಟು ಪಕ್ಕದ್ದನ್ನು ನೋಡಬೇಕು. ಅಂಥವು ಹೆಚ್ಚಾದರೆ ಇಬ್ಭಾಗ ಮಾಡುತ್ತ ಹೋಗುವ ಲಾಭವೇ ಕರಗುತ್ತದೆ. ಕರ್ನೆಲ್ ತಂಡ ಪ್ರತಿ ಹಂತವೂ ಓಡಬೇಕೆಂದು ಪಟ್ಟು ಹಿಡಿಯುವುದರ ಹಿಂದೆ ಈ ಅನುಭವವಿದೆ. ಸಾಲಾಗಿರುವ ಕಮಿಟ್‌ಗಳಲ್ಲಿ ಪ್ರತಿಯೊಂದರ ಮೇಲೂ ಟೆಸ್ಟ್ ಓಡಿಸಿ ನೋಡಲು ಗಿಟ್‌ನ ರಿಬೇಸ್ ಆದೇಶದಲ್ಲೇ ಅನುಕೂಲವಿದ್ದರೂ ಅದನ್ನು ಬಳಸುವವರು ಇರಬೇಕಾದಷ್ಟು ಇಲ್ಲ.

ಕಮಿಟ್‌ಗಳ ಮೆಟ್ಟಿಲಿಲ್ಲದೆ ಹುಡುಕುವುದು ಎಂಥ ಕೆಲಸ ಎಂಬುದಕ್ಕೆ ಸೆಲ್ಲರ್ 1999ರಲ್ಲಿ ವಿವರಿಸಿದ ಪ್ರಕರಣ ಸಾಕ್ಷಿ. ಜಿಡಿಬಿ ಎಂಬ ಡಿಬಗ್ಗರ್ 4.16ರಿಂದ 4.17ಕ್ಕೆ ಬಂದಾಗ, ಅದರ ಮೇಲೆ ನಿಂತಿದ್ದ ಡಿಡಿಡಿ ಎಂಬ ತಂತ್ರಾಂಶ ಪ್ರೋಗ್ರಾಮಿಗೆ ಆರ್ಗ್ಯುಮೆಂಟ್‌ಗಳನ್ನು ಸರಿಯಾಗಿ ದಾಟಿಸದಾಯಿತು. ಎರಡು ಆವೃತ್ತಿಗಳ ನಡುವೆ ಬದಲಾಗಿದ್ದುದು 1,78,000 ಸಾಲು. ಸೆಲ್ಲರ್ ಆ ವ್ಯತ್ಯಾಸವನ್ನು ಸಾವಿರಾರು ತುಂಡುಗಳಾಗಿ ಒಡೆದು, ಯಾವ ತುಂಡುಗಳ ಗುಂಪಿನಿಂದ ದೋಷ ಹುಟ್ಟುತ್ತದೆ ಎಂದು ಯಂತ್ರವೇ ಪ್ರಯೋಗ ಮಾಡಿ ಹುಡುಕುವ ವಿಧಾನವನ್ನು ರೂಪಿಸಬೇಕಾಯಿತು. ಬೇಕಾಬಿಟ್ಟಿ ಆಯ್ದ ತುಂಡುಗಳ ಗುಂಪುಗಳು ಎಷ್ಟೋ ಸಲ ಬಿಲ್ಡ್ ಆಗುತ್ತಲೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಪರದೆಯ ಮೇಲೆ ಮೂಡುವ ಒಂದು ವಾಕ್ಯದ ಬದಲಾವಣೆ: ‘ಆರ್ಗ್ಯುಮೆಂಟ್ಸ್’ ಎಂದಿದ್ದುದನ್ನು ಯಾರೋ ‘ಆರ್ಗ್ಯುಮೆಂಟ್ ಲಿಸ್ಟ್’ ಎಂದು ಮಾಡಿದ್ದರು, ಡಿಡಿಡಿ ಆ ವಾಕ್ಯವನ್ನೇ ಓದಿ ಅರ್ಥಮಾಡಿಕೊಳ್ಳುತ್ತಿತ್ತು.

ರಿವ್ಯೂ ಮಾಡುವವರ ಕಣ್ಣಿಗೂ ಮಿತಿಯಿದೆ. ಸಿಸ್ಕೋ ಕಂಪನಿಯ ರಿವ್ಯೂಗಳನ್ನು ಆಧರಿಸಿ ಸ್ಮಾರ್ಟ್‌ಬೇರ್ ಸಂಸ್ಥೆ 2006ರಲ್ಲಿ ಹೊರತಂದ ಅಧ್ಯಯನ, ಒಂದು ಸಲಕ್ಕೆ 200ರಿಂದ 400 ಸಾಲು ದಾಟಿದರೆ ದೋಷ ಹಿಡಿಯುವ ಶಕ್ತಿ ಕುಂದುತ್ತದೆ ಎಂದು ತೋರಿಸಿತು. ಗೂಗಲ್‌ನ ರಿವ್ಯೂ ಪದ್ಧತಿ ಕುರಿತು 2018ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ ಅಲ್ಲಿನ ಬದಲಾವಣೆಗಳಲ್ಲಿ ಮಧ್ಯಮ ಗಾತ್ರದ್ದು ಬರೀ 24 ಸಾಲಿನದು. ದಿನವಿಡೀ ಸಾವಿರಾರು ಜನ ಒಂದೇ ಕೋಡಿನಲ್ಲಿ ಕೈಯಾಡಿಸುವ ಕಡೆ ಬದಲಾವಣೆಗಳು ಇಷ್ಟು ಚಿಕ್ಕದಾಗಿರುವುದು ಆಕಸ್ಮಿಕವಲ್ಲ. ಚಿಕ್ಕದನ್ನು ಬೇರೆಯವರು ಬೇಗ ಓದಿ ಒಪ್ಪುತ್ತಾರೆ, ಬೇಗ ಒಪ್ಪಿದ್ದು ಬೇಗ ಒಳಗೆ ಸೇರುತ್ತದೆ, ಹಾಗೆ ಸೇರಿದ್ದು ಇತರರ ಕೆಲಸದೊಂದಿಗೆ ಘರ್ಷಿಸುವುದು ಕಡಿಮೆ.

ಮೂರನೆಯ ಕೆಲಸವಾದ ಕೂಡಿಸುವಿಕೆಗೆ ಬಂದಾಗ ಮತ್ತೆ ಗಡಿಯಾರಕ್ಕೆ ಬೆಲೆ ಬರುತ್ತದೆ. ಮೈಕ್ರೋಸಾಫ್ಟ್ 1990ರ ದಶಕದಲ್ಲೇ ಇಡೀ ತಂತ್ರಾಂಶವನ್ನು ಪ್ರತಿದಿನ ಬಿಲ್ಡ್ ಮಾಡುವ ಶಿಸ್ತಿಗೆ ಹೆಸರಾಗಿತ್ತು. ಕೆಂಟ್ ಬೆಕ್ 1999ರಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಕುರಿತ ತಮ್ಮ ಪುಸ್ತಕದಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿ, ಕೆಲವು ಗಂಟೆಗಳಿಗೊಮ್ಮೆ, ಹೆಚ್ಚೆಂದರೆ ದಿನಕ್ಕೊಮ್ಮೆ ಕೂಡಿಸಬೇಕೆಂದರು. ಮಾರ್ಟಿನ್ ಫೌಲರ್ ಅವರ ಲೇಖನಗಳು ಪ್ರತಿಯೊಬ್ಬರೂ ಪ್ರತಿದಿನ ಮುಖ್ಯ ಸಾಲಿಗೆ, ಅಂದರೆ ಮುಖ್ಯ ಬ್ರಾಂಚಿಗೆ, ಕಮಿಟ್ ಮಾಡಬೇಕೆಂಬ ನಿಯಮವನ್ನು ಹರಡಿದವು. ಇದರ ತರ್ಕ ಸರಳ. ಇಬ್ಬರು ಎರಡು ವಾರ ಬೇರೆ ಬೇರೆ ಬ್ರಾಂಚಿನಲ್ಲಿ ಕೆಲಸ ಮಾಡಿದರೆ ಕೂಡಿಸುವಾಗಿನ ಕಷ್ಟ ಹದಿನಾಲ್ಕು ಪಟ್ಟಾಗಿ ನಿಲ್ಲುವುದಿಲ್ಲ. ಒಬ್ಬರ ಪ್ರತಿ ಬದಲಾವಣೆಯೂ ಇನ್ನೊಬ್ಬರ ಪ್ರತಿ ಬದಲಾವಣೆಯೊಂದಿಗೆ ಡಿಕ್ಕಿ ಹೊಡೆಯಬಹುದು. ಎಲ್ಲಕ್ಕಿಂತ ಕೆಟ್ಟದ್ದು ಗಿಟ್ ಕೂಡ ಗುರುತಿಸಲಾಗದ ಡಿಕ್ಕಿ. ಒಬ್ಬರು ಫಂಕ್ಷನ್ನಿನ ಅರ್ಥ ಬದಲಿಸಿರುತ್ತಾರೆ, ಇನ್ನೊಬ್ಬರು ಹಳೆಯ ಅರ್ಥ ನಂಬಿ ಅದನ್ನು ಬೇರೊಂದು ಫೈಲಿನಿಂದ ಕರೆದಿರುತ್ತಾರೆ. ಎರಡೂ ಸಲೀಸಾಗಿ ಮರ್ಜ್ ಆಗುತ್ತವೆ, ಪ್ರೋಗ್ರಾಮ್ ಮಾತ್ರ ಕೆಡುತ್ತದೆ.

ನಿಕೋಲ್ ಫೋರ್ಸ್‌ಗ್ರೆನ್, ಜೆಝ್ ಹಂಬಲ್ ಮತ್ತು ಜೀನ್ ಕಿಮ್ 2018ರಲ್ಲಿ ‘ಆಕ್ಸಿಲರೇಟ್’ ಪುಸ್ತಕದಲ್ಲಿ ಒಟ್ಟುಗೂಡಿಸಿದ ಸಮೀಕ್ಷೆಗಳೂ ಇದೇ ಕಡೆಗೆ ಬೆರಳು ಮಾಡುತ್ತವೆ: ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲಿ ಚಾಲ್ತಿಯ ಬ್ರಾಂಚುಗಳು ಮೂರಕ್ಕಿಂತ ಕಡಿಮೆ, ಅವುಗಳ ಆಯಸ್ಸು ಒಂದು ದಿನದೊಳಗೆ. ಗೂಗಲ್‌ನ ಏಕ ರೆಪೊಸಿಟರಿಯ ಬಗ್ಗೆ 2016ರಲ್ಲಿ ಪ್ರಕಟವಾದ ಲೇಖನದಂತೆ, ಸುಮಾರು 25,000 ಪ್ರೋಗ್ರಾಮರುಗಳು ಒಂದೇ ಮುಖ್ಯ ಸಾಲಿಗೆ ದಿನಕ್ಕೆ 16,000 ಬದಲಾವಣೆಗಳನ್ನು ಸೇರಿಸುತ್ತಿದ್ದರು. ಸ್ವಯಂಚಾಲಿತ ವ್ಯವಸ್ಥೆಗಳು ಸೇರಿಸುತ್ತಿದ್ದ 24,000 ಬೇರೆ. ಕೆಲಸ ಮುಗಿಯದೆ ದಿನವೂ ಮುಖ್ಯ ಸಾಲಿಗೆ ಸೇರಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ಸಿದ್ಧ ಉತ್ತರ ಫೀಚರ್ ಫ್ಲ್ಯಾಗ್. ಹೊಸ ಕೋಡು ಒಳಗೆ ಇರುತ್ತದೆ, ಆದರೆ ಸ್ವಿಚ್ ಆರಿರುತ್ತದೆ. ಬಳಕೆದಾರರಿಗೆ ಏನೂ ಕಾಣದು. ಸಹೋದ್ಯೋಗಿಗಳಿಗೆ ಎಲ್ಲವೂ ಕಾಣುತ್ತದೆ. ಕೆಲಸ ಮುಗಿದ ಮೇಲೂ ತೆಗೆಯದೆ ಬಿಟ್ಟ ಫ್ಲ್ಯಾಗ್‌ಗಳು ಕೋಡಿನಲ್ಲಿ ಕಸವಾಗಿ ಉಳಿಯುತ್ತವೆ ಎಂಬುದು ಇದರ ನಿಜವಾದ ಬೆಲೆ.

ದಿನಕ್ಕೊಮ್ಮೆ ಎಂಬುದನ್ನು ಎಲ್ಲ ಕಡೆಗೂ ಹೇರುವುದು ಮಾತ್ರ ಸರಿಯಲ್ಲ. ಕರ್ನೆಲ್‌ನ ಮುಖ್ಯ ಸಾಲಿಗೆ ಹೊಸ ಸೌಲಭ್ಯಗಳು ಸೇರುವುದು ಪ್ರತಿ ಬಿಡುಗಡೆಯ ನಂತರದ ಎರಡು ವಾರಗಳಲ್ಲಿ ಮಾತ್ರ. ಉಳಿದ ವಾರಗಳು ದೋಷ ಪರಿಹಾರಕ್ಕೆ ಮೀಸಲು. ಪ್ರಪಂಚದ ಮೂಲೆಮೂಲೆಯ ಸಾವಿರಾರು ಅಪರಿಚಿತರು ಕೊಡುಗೆ ನೀಡುವ ಕಡೆ ದಿನನಿತ್ಯದ ನೇರ ಕಮಿಟ್ ನಡೆಯುವ ಮಾತಲ್ಲ. ಆದರೂ ಕೂಡಿಸುವ ಕೆಲಸ ಅಲ್ಲಿ ನಿಂತಿಲ್ಲ: ಲಿನಕ್ಸ್-ನೆಕ್ಸ್ಟ್ ಎಂಬ ಪ್ರತ್ಯೇಕ ಮರದಲ್ಲಿ ಮುಂದಿನ ಬಿಡುಗಡೆಗೆ ಕಾದಿರುವ ಬ್ರಾಂಚುಗಳನ್ನೆಲ್ಲ ಕೆಲಸದ ದಿನಗಳಲ್ಲಿ ಕೂಡಿಸಿ ಬಿಲ್ಡ್ ಮಾಡಿ ನೋಡಲಾಗುತ್ತದೆ. ಘರ್ಷಣೆ ಬೇಗ ಗೊತ್ತಾಗಬೇಕು ಎಂಬುದು ಮುಖ್ಯ. ಅದು ಮುಖ್ಯ ಸಾಲಿನಲ್ಲೇ ಗೊತ್ತಾಗಬೇಕೆಂದಿಲ್ಲ.

ಪದೇಪದೇ ಉಳಿಸಿಕೊಂಡ ಕಚ್ಚಾ ಕಮಿಟ್‌ಗಳನ್ನು ಪ್ರಕಟಿಸುವ ಮುನ್ನ ಅಚ್ಚುಕಟ್ಟು ಮಾಡಬೇಕೇ, ಇದ್ದಂತೆಯೇ ಬಿಡಬೇಕೇ ಎಂಬ ವಾದ ಇನ್ನೂ ತಣ್ಣಗಾಗಿಲ್ಲ. ಎಸ್‌ಕ್ಯೂಲೈಟ್ ನಿರ್ಮಾತೃ ರಿಚರ್ಡ್ ಹಿಪ್ ರೂಪಿಸಿದ ಫಾಸಿಲ್ ಎಂಬ ಆವೃತ್ತಿ ನಿಯಂತ್ರಣ ಸಾಧನದಲ್ಲಿ, ಹಳೆಯ ಕಮಿಟ್‌ಗಳನ್ನು ಹೊಸದಾಗಿ ಜೋಡಿಸುವ ರಿಬೇಸ್ ಎಂಬುದೇ ಇಲ್ಲ. ಆ ಪಂಗಡದವರಿಗೆ ಇತಿಹಾಸವೆಂದರೆ ಅಂಗಡಿಯ ಜಮಾಖರ್ಚಿನ ಪುಸ್ತಕ: ತಪ್ಪು ಬರೆದರೆ ಕೆಳಗೆ ತಿದ್ದುಪಡಿಯ ನಮೂದು ಹಾಕಬೇಕೇ ಹೊರತು ಹಾಳೆ ಹರಿಯಬಾರದು. ಗಿಟ್ ಪಂಗಡದವರು, ಕಚ್ಚಾ ಪುಸ್ತಕವನ್ನು ಯಾರೂ ಆಡಿಟ್‌ಗೆ ಕೊಡುವುದಿಲ್ಲ ಎನ್ನುತ್ತಾರೆ. ‘ಅಕ್ಷರದೋಷ’, ‘ಮತ್ತೆ ಅಕ್ಷರದೋಷ’, ‘ಈಗ ಓಡಬೇಕು’ ಎಂಬ ಸಂದೇಶಗಳ ಸಾಲು ಐದು ವರ್ಷದ ನಂತರ ಓದುವವರಿಗೆ ಏನನ್ನೂ ತಿಳಿಸದು. ಓಡದ ಹಂತಗಳು ಬೈಸೆಕ್ಟನ್ನು ಕೆಡಿಸುತ್ತವೆ. ಓದುವವರ ಹಿತ ನೋಡಿದರೆ ಎರಡನೆಯ ಪಕ್ಷವೇ ಗಟ್ಟಿ. ಇತರರು ಈಗಾಗಲೇ ಆಧರಿಸಿರುವ ಕಮಿಟ್‌ಗಳನ್ನು ಮಾತ್ರ ಮುಟ್ಟಬಾರದು. ರಿಬೇಸ್ ಮಾಡಿದರೆ ಪ್ರತಿ ಕಮಿಟ್‌ನ ಗುರುತಿನ ಸಂಖ್ಯೆ ಬದಲಾಗುತ್ತದೆ, ಉಳಿದವರ ಪ್ರತಿಗಳು ದಾರಿ ಬೇರೆಯಾಗಿ ನಿಲ್ಲುತ್ತವೆ. ಮರ್ಕ್ಯುರಿಯಲ್ 2012ರಿಂದ ಈ ಗಡಿಯನ್ನು ಸಾಧನದಲ್ಲೇ ಅಳವಡಿಸಿದೆ. ಪ್ರಕಟವಾದ ಕಮಿಟನ್ನು ಬದಲಿಸಲು ಅದು ಸುಮ್ಮನೆ ಬಿಡುವುದಿಲ್ಲ.

ಗಿಟ್‌ಹಬ್ 2016ರಲ್ಲಿ ತಂದ ಸ್ಕ್ವಾಶ್ ಮರ್ಜ್ ಈ ತಕರಾರನ್ನು ಒಂದೇ ಏಟಿಗೆ ಮುಗಿಸುವಂತೆ ಕಾಣುತ್ತದೆ. ಬ್ರಾಂಚಿನಲ್ಲಿ ಎಷ್ಟು ಕಮಿಟ್‌ಗಳಿದ್ದರೂ ಮುಖ್ಯ ಸಾಲಿಗೆ ಒಂದೇ ಆಗಿ ಸೇರುತ್ತದೆ. ಬ್ರಾಂಚು ಚಿಕ್ಕದಾಗಿ, ಒಂದೇ ಬದಲಾವಣೆಯದಾಗಿದ್ದರೆ ಇದು ಒಳ್ಳೆಯದು. ಎರಡು ವಾರದ ಬ್ರಾಂಚಿಗೂ ಇದನ್ನೇ ಬಳಸಿದಾಗ ಜತನದಿಂದ ಬೇರ್ಪಡಿಸಿದ ಹೆಸರು, ಜೋಡಣೆ, ತಿದ್ದುಪಡಿಗಳೆಲ್ಲ ಮತ್ತೆ ಒಂದೇ ಮುದ್ದೆಯಾಗುತ್ತವೆ. ಸಬ್‌ವರ್ಷನ್ ಕಾಲದ ದೊಡ್ಡ ಕಮಿಟ್ ಹೊಸ ಗುಂಡಿಯ ಮೂಲಕ ಹಿಂದಿರುಗಿದಂತೆ ಅದು. ಒಂದು ಕಮಿಟ್‌ಗೆ ಒಂದು ರಿವ್ಯೂ ಎಂದು ಇಟ್ಟಿರುವ ಗೆರಿಟ್‌ನಂಥ ವ್ಯವಸ್ಥೆಗಳಲ್ಲಿ ಈ ನಷ್ಟವಿಲ್ಲ.

ಕಮಿಟ್‌ಗಳ ಸಂಖ್ಯೆಯೇ ಗುರಿಯಾದರೆ ಬೇರೊಂದು ಬಗೆಯ ಕೇಡು. ಗಿಟ್‌ಹಬ್‌ನ ಹಸಿರು ಚೌಕಗಳು ಒಬ್ಬರು ಎಷ್ಟು ದಿನ ಕಮಿಟ್ ಮಾಡಿದರೆಂದು ತೋರಿಸುತ್ತವೆ, ಏನು ಮಾಡಿದರೆಂದಲ್ಲ. ಚೌಕ ತುಂಬಲೆಂದು ರೀಡ್‌ಮಿ ಫೈಲಿನಲ್ಲಿ ದಿನಕ್ಕೊಂದು ಪದ ತಿದ್ದುವುದು ಕಷ್ಟವೇನಲ್ಲ. ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡಲು ಉತ್ತೇಜಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟೀ ಶರ್ಟ್ ಎಂದಾಗ ಅರ್ಥವಿಲ್ಲದ ತಿದ್ದುಪಡಿಗಳು ಮುಕ್ತ ತಂತ್ರಾಂಶ ಯೋಜನೆಗಳ ಮೇಲೆ ಪ್ರವಾಹದಂತೆ ಬಂದವು. ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಅನ್ವಯ ಎಂದು ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಕಮಿಟ್ ಎಣಿಸಿ ಪ್ರೋಗ್ರಾಮರ್‌ಗಳ ಸಾಮರ್ಥ್ಯ ಅಳೆಯುವ ಮ್ಯಾನೇಜರ್‌ಗಳಿಗೂ ಸಿಗುವುದು ಇಂಥ ಫಲವೇ. ಪದೇಪದೇ ಕಮಿಟ್ ಮಾಡುವುದನ್ನು ಶಿಸ್ತಾಗಿ ತುದಿಗೆ ಒಯ್ದ ಪ್ರಯೋಗ ಬೇರೆಯೇ ಇದೆ. ಬೆಕ್ 2018ರಲ್ಲಿ ಮುಂದಿಟ್ಟ ಕ್ರಮದಲ್ಲಿ ಟೆಸ್ಟ್ ಪಾಸಾದರೆ ಕೋಡು ತಾನೇ ಕಮಿಟ್ ಆಗುತ್ತದೆ, ಫೇಲಾದರೆ ಬರೆದದ್ದೆಲ್ಲ ಅಳಿಸಿ ಹಿಂದಿನ ಕಮಿಟ್‌ಗೆ ಮರಳುತ್ತದೆ. ಕಳೆದುಕೊಳ್ಳುವ ಭಯಕ್ಕೆ ಹೆಜ್ಜೆಗಳು ತಾವಾಗಿಯೇ ಚಿಕ್ಕದಾಗುತ್ತವೆ. ದಿನನಿತ್ಯಕ್ಕೆ ಇದು ಕಠಿಣ. ಚಿಕ್ಕ ಹೆಜ್ಜೆ ಇಡುವುದನ್ನು ಕಲಿಯುವವರಿಗೆ ಒಳ್ಳೆಯ ಅಭ್ಯಾಸ.

ಕೋಡಲ್ಲದ ವಸ್ತುಗಳಿಗೆ ಈ ಮಾತುಗಳೆಲ್ಲ ಹಾಗೆಯೇ ಹೊಂದುವುದಿಲ್ಲ. ಚಿತ್ರ, ವಿಡಿಯೊ, ದತ್ತಾಂಶದ ಫೈಲುಗಳನ್ನು ಗಂಟೆಗೊಮ್ಮೆ ಕಮಿಟ್ ಮಾಡಿದರೆ ರೆಪೊಸಿಟರಿ ಊದಿಕೊಳ್ಳುತ್ತದೆ. ಅವುಗಳಿಗೆಂದು 2015ರಿಂದ ಗಿಟ್ ಎಲ್‌ಎಫ್‌ಎಸ್ ಇದೆ. ಜುಪಿಟರ್ ನೋಟ್‌ಬುಕ್‌ಗಳಲ್ಲಿ ಕೋಡು ಓಡಿಸಿ ಬಂದ ಫಲಿತಾಂಶಗಳೂ ಫೈಲಿನೊಳಗೇ ಇರುವುದರಿಂದ, ಅವನ್ನು ಅಳಿಸಿ ಕಮಿಟ್ ಮಾಡದಿದ್ದರೆ ಎರಡು ಸಾಲಿನ ಬದಲಾವಣೆ ಇನ್ನೂರು ಸಾಲಾಗಿ ಕಾಣುತ್ತದೆ. ಡೇಟಾಬೇಸಿನ ರಚನೆ ಬದಲಿಸುವ ಸ್ಕ್ರಿಪ್ಟನ್ನು ಅದನ್ನು ಬಳಸುವ ಕೋಡಿನಿಂದ ಬೇರೆಯಾಗಿ, ಮೊದಲೇ ಸೇರಿಸಿದರೆ ಒಂದನ್ನು ಹಿಂದೆಗೆಯುವಾಗ ಇನ್ನೊಂದು ಅಲುಗಾಡದು. ಪಾಸ್‌ವರ್ಡ್, ಗುಪ್ತ ಕೀಲಿಗಳನ್ನಂತೂ ಒಮ್ಮೆಯೂ ಕಮಿಟ್ ಮಾಡಬಾರದು. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಅವು ಉಳಿದೇ ಇರುತ್ತವೆ. ಪುಶ್ ಆಗಿದ್ದರೆ ಕೀಲಿಯನ್ನೇ ಬದಲಿಸಬೇಕು.

ಉಳಿಸಿಕೊಳ್ಳುವ ಕೆಲಸವನ್ನು ಯಂತ್ರಕ್ಕೇ ಬಿಡುವ ಸಾಧನಗಳು ಈಗ ಬಂದಿವೆ. ಗಿಟ್ ರೆಪೊಸಿಟರಿಗಳ ಮೇಲೆಯೇ ಓಡಬಲ್ಲ ಜುಜುತ್ಸುವಿನಲ್ಲಿ, ಪ್ರೋಗ್ರಾಮರ್ ತಿದ್ದುತ್ತಿರುವ ಫೈಲುಗಳ ಸ್ಥಿತಿಯೇ ಒಂದು ಕಮಿಟ್. ಯಾವ ಆದೇಶ ಕೊಟ್ಟರೂ ಅದು ಮೊದಲು ಅಷ್ಟನ್ನೂ ದಾಖಲಿಸಿಕೊಳ್ಳುತ್ತದೆ. ಕಮಿಟ್ ಮಾಡಲು ಮರೆತೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಪ್ರೋಗ್ರಾಮರ್‌ಗೆ ಉಳಿಯುವುದು ಆ ಮುದ್ದೆಯನ್ನು ಎಲ್ಲಿ ಒಡೆಯಬೇಕು, ಒಂದೊಂದಕ್ಕೂ ಏನೆಂದು ವಿವರಣೆ ಬರೆಯಬೇಕು ಎಂಬ ತೀರ್ಮಾನ. ಕೃತಕ ಬುದ್ಧಿಮತ್ತೆಯಿಂದ ಕೋಡು ಬರೆಸುವ ಏಡರ್‌ನಂಥ ಸಾಧನ ತಾನು ಮಾಡಿದ ಪ್ರತಿ ತಿದ್ದುಪಡಿಯನ್ನೂ ತಾನೇ ಕಮಿಟ್ ಮಾಡುತ್ತದೆ, ಬೇಡವೆಂದರೆ ಒಂದು ಆದೇಶದಿಂದ ಆ ಕಮಿಟನ್ನು ಹಿಂದೆಗೆಯುತ್ತದೆ. ಇಂಥ ಕಮಿಟ್‌ಗಳ ಗಡಿಯನ್ನು ಹಾಕುವುದು ಒಂದೊಂದು ಸಲದ ಕೋರಿಕೆ, ತಾರ್ಕಿಕ ಬದಲಾವಣೆಯಲ್ಲ. ಒಂದೇ ಕೋರಿಕೆಯಲ್ಲಿ ಮೂರು ಕೆಲಸ ಕೇಳಿದರೆ ಮೂರೂ ಒಂದೇ ಕಮಿಟ್‌ನಲ್ಲಿ ಬರುತ್ತವೆ. ಒಂದೇ ಕೆಲಸವನ್ನು ಐದು ಕೋರಿಕೆಯಲ್ಲಿ ತಿದ್ದಿಸಿದರೆ ಐದು ಕಮಿಟ್‌ಗಳಾಗುತ್ತವೆ. ಮುಖ್ಯ ಸಾಲಿಗೆ ಸೇರಿಸುವ ಮುನ್ನ ಅವನ್ನು ಒಡೆದು, ಕೂಡಿಸಿ, ಪ್ರತಿ ಹಂತವೂ ಬಿಲ್ಡ್ ಆಗುತ್ತದೆಯೇ ಎಂದು ನೋಡುವುದು ಪ್ರೋಗ್ರಾಮರ್‌ಗೆ ಬಿಟ್ಟದ್ದು.